ಭೂಮಿಯ ನಡುವಿಗೆ ಅರ್ಧ ದಿನದ ಪ್ರವಾಸ

ಮದುವೆಯಾದಾಗಿನಿಂದ ನಾನು ಹೆಂಡತಿ ಹಾಕಿದ ಗೆರೆ ದಾಟಿದವನಲ್ಲ. ಇದು ದೂರಲ್ಲ, ಸಂಗತಿ. ಕೊಣ್ಣೂರಿನ ಪೇಟೆಯಲ್ಲಿ ಹೆಂಡತಿ ಹಾಕಿದ ಗೆರೆ ದಾಟಿದ ಗಂಡಸು ಯಾರಾದರೂ ಇದ್ದರೆ ಅವರಿಗೆ ಒಂದು ಜೋಡಿ ಅಂಗಿ-ಪ್ಯಾಂಟು ಪುಕ್ಕಟೆ ಹೊಲಿದುಕೊಡುತ್ತೇನೆಂದು ಶಮಶೇರ ಟೇಲರ್ ಆದ ನಾನು ಎಷ್ಟೋ ಸಲ ಅಂಗಡಿಯಲ್ಲಿ ಕೂತು ಘೋಷಿಸಿದ್ದೇನೆ. (ಇದುವರೆಗೆ ಅಳತೆ ಕೊಡಲು ಯಾರೂ ಬಂದಿಲ್ಲ.)

ನನ್ನ ದೂರು ಬೇರೆ. ಆ ಗೆರೆಯೊಳಗೆ ಪ್ರವಾಸವೆಂದರೆ ಒಂದೇ ಊರು, ಘೋಡಗೇರಿ. ಅದು ನನ್ನ ಹೆಂಡತಿ ರೋಶನಬಿಯ ತವರು. ಈದ್ ಬಂದರೂ ಘೋಡಗೇರಿ, ಮಾವನ ಮನೆಯ ಎಮ್ಮೆ ಈದರೂ ಘೋಡಗೇರಿ. ಗೋಕಾಕದ ಜಲಪಾತ ನಮ್ಮ ಮಗ್ಗುಲಿಗೇ ಇದೆ, ಎಲ್ಲೆಲ್ಲಿಂದಲೋ ಜನ ಬಂದು ನೋಡುತ್ತಾರೆ. ನಾನು ಮಾತ್ರ ಅದನ್ನು ನೋಡಿ ಬಂದವರ ಒದ್ದೆ ಪ್ಯಾಂಟುಗಳನ್ನು ನೋಡಿದ್ದೇ ಹೆಚ್ಚು.

ಹೀಗಿರುವಾಗ ನಮ್ಮ ಮಗಳು ಗುಲ್ನಾಜ ಬಸಿರಾದಳು. ಅಳಿಯ ತೌಫೀಕ ನಮ್ಮ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಕಲಿತು, ಈಗ ಆಫ್ರಿಕಾದ ಯುಗಾಂಡಾ ದೇಶದ ಒಂದು ಕಾರ್ಖಾನೆಯಲ್ಲಿ ಕಬ್ಬಿನ ಪಾಕ ಕುದಿಸುವ ವಿಭಾಗ ನೋಡಿಕೊಳ್ಳುತ್ತಾನೆ. ಅಲ್ಲೂ ಕಬ್ಬು ಬೆಳೆಯುತ್ತದಂತೆ, ಅಲ್ಲೂ ಲಾರಿಗಳು ಕಬ್ಬು ಉದುರಿಸಿಕೊಂಡು ಹೋಗುತ್ತವಂತೆ. "ಬಾಣಂತನ ನಾನ ಮಾಡಾಕಿ" ಎಂದು ರೋಶನಬಿ ತೀರ್ಪು ಕೊಟ್ಟಳು. ಗೋಕಾಕದ ಕರದಂಟು, ಅಂಟಿನ ಉಂಡೆ, ಕುಟ್ಟಿದ ಖಾರ, ಶೇಂಗಾ ಹಿಂಡಿ ಎಲ್ಲ ಕಟ್ಟಿಕೊಂಡು ನಾವು ಸಮುದ್ರ ದಾಟಿದೆವು. ವಿಮಾನದಲ್ಲಿ ಕೂತಾಗ ನನಗೆ ಅನಿಸಿದ್ದು ಇಷ್ಟೇ: ಇದೂ ಒಂದು ಘೋಡಗೇರಿ, ಸ್ವಲ್ಪ ದೂರದ್ದು.

ಆದರೆ ತಲುಪಿದ ಸಂಜೆಯೇ ಒಂದು ಘಟನೆ ನಡೆಯಿತು. ಮಗ್ರಿಬ್ ನಮಾಜಿಗೆ ಚಾಪೆ ಹಾಸಿ, ಎಂದಿನಂತೆ ಸೂರ್ಯ ಮುಳುಗಿದ ಕಡೆಗೆ ಮುಖ ಮಾಡಿ ನಿಂತೆ. ಹುಟ್ಟಿದಾಗಿನಿಂದ ನನಗೆ ಮಕ್ಕಾ ಇರುವುದು ಪಶ್ಚಿಮಕ್ಕೆ. ನನ್ನ ಅಪ್ಪನಿಗೂ ಪಶ್ಚಿಮಕ್ಕೇ ಇತ್ತು. ತೌಫೀಕ ಮೆಲ್ಲಗೆ ಬಂದು, ಬಟ್ಟೆ ಅಂಗಡಿಯ ಗೊಂಬೆಯನ್ನು ತಿರುಗಿಸುವಂತೆ, ನನ್ನ ಎರಡೂ ಭುಜ ಹಿಡಿದು ಬಲಕ್ಕೆ ತಿರುಗಿಸಿದ.

"ಮಾವಾರ, ಇಲ್ಲೆ ಕಾಬಾ ಉತ್ತರಕ್ಕ ಐತ್ರಿ."

ನಮಾಜು ಮುಗಿಸಿದೆ, ಆದರೆ ಎದ್ದೇಳಲು ಮನಸ್ಸಾಗಲಿಲ್ಲ. ಭೂಮಿ ದುಂಡಗಿದೆ ಎಂದು ಸಾಲಿಯಲ್ಲಿ ಗಟ್ಟಿ ಮಾಡಿದ್ದೆ, ಪರೀಕ್ಷೆಯಲ್ಲಿ ಬರೆದು ಒಂದು ಅಂಕವನ್ನೂ ಗಳಿಸಿದ್ದೆ. ಆದರೆ ಅದು ಖರೆಯಾಗಿ ದುಂಡಗಿದೆ ಎಂದು ನನಗೆ ಗೊತ್ತಾದದ್ದು ಆ ಸಂಜೆ, ನನ್ನ ಎರಡು ಭುಜಗಳ ಮೂಲಕ. ಕಾಬಾ ಅಲ್ಲೇ ಇದೆ, ನಾನು ಭೂಮಿಯ ಮೇಲೆ ಜರುಗಿದ್ದೇನೆ. ಇಷ್ಟು ದೊಡ್ಡ ವಸ್ತುವಿನ ಮೇಲೆ, ಇಷ್ಟು ಸಣ್ಣ ನಾನು.

ಅಂದಿನಿಂದ ಅಳಿಯನ ಬೆನ್ನು ಬಿದ್ದೆ. ಸೂರ್ಯ ಇಲ್ಲಿ ಯಾಕೆ ಇಷ್ಟು ನೆಟ್ಟಗೆ ಏರುತ್ತಾನೆ? ಹಗಲು-ರಾತ್ರಿ ಯಾಕೆ ತಕ್ಕಡಿಯಲ್ಲಿ ತೂಗಿದ ಹಾಗೆ ಸಮ ಇವೆ? ಪಾಪ, ಕಾರ್ಖಾನೆಯಿಂದ ದಣಿದು ಬಂದವನು ನನ್ನ ಪ್ರಶ್ನೆಗಳನ್ನೂ ಕುದಿಸಬೇಕಾಯಿತು. ಕೊನೆಗೊಂದು ದಿನ ಹೇಳಿದ:

"ಮಾವಾರ, ಭೂಮಧ್ಯರೇಖೆ ಇಲ್ಲಿಂದ ಭಾಳ ದೂರಿಲ್ರಿ. ರಾಜಧಾನಿ ಕಂಪಾಲಾದಿಂದ ಪ್ರವಾಸಿಗರು ಅರ್ಧ ದಿನದಾಗ ಹೋಗಿ ನೋಡಿ ಬರತಾರ. ಅದ್ರಾಗೂ ಈ ವಾರ ಹೋದ್ರ ಭಾರಿ ಮಜಾ. ಸೆಪ್ಟೆಂಬರದಾಗ ಸೂರ್ಯ ಆ ಗೆರಿ ನೆತ್ತಿ ಮ್ಯಾಲನ ಬರತಾನು. ನಡು ಮಧ್ಯಾಹ್ನಕ್ಕ ಮನುಷ್ಯಾನ ನೆರಳ ಇರೂದಿಲ್ಲ."

ನಾನು ಚಹಾದ ಕಪ್ಪು ಕೆಳಗಿಟ್ಟೆ. ಕೊಣ್ಣೂರಿನ ಅರ್ಧ ಊರಿನ ಸೊಂಟದ ಅಳತೆ ನನ್ನ ಬಾಯಲ್ಲಿದೆ. ಯಾರ ಸೊಂಟ ಯಾವ ವರ್ಷ ಎಷ್ಟು ಇಂಚು ಬೆಳೆಯಿತು ಎಂದು ನಿದ್ದೆಯಲ್ಲೂ ಹೇಳಬಲ್ಲೆ. ಅಂಥವನಿಗೆ ಸಾಕ್ಷಾತ್ ಭೂಮಿಯ ಸೊಂಟ, ಭೂಮಿತಾಯಿಯ ಉಡದಾರ, ಅರ್ಧ ದಿನದ ದಾರಿಯಲ್ಲಿದೆ ಎಂದರೆ! ಮೊಮ್ಮಗ ಹುಟ್ಟಿ ತಿಂಗಳು ಕಳೆದಿತ್ತು, ನಮ್ಮ ವಾಪಸ್ ವಿಮಾನಕ್ಕೆ ನಾಲ್ಕೇ ದಿನ ಉಳಿದಿದ್ದವು. ಈಗ ಹೋಗದಿದ್ದರೆ ಈ ಜನ್ಮದಲ್ಲಿ ಇಲ್ಲ.

ಒಂದೇ ಒಂದು ಪರವಾನಗಿ ಬಾಕಿ ಇತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆ.

"ಏನೈತಿ ಅಲ್ಲೆ?" ಎಂದಳು ರೋಶನಬಿ, ಒಗ್ಗರಣೆಯಿಂದ ಕಣ್ಣು ತೆಗೆಯದೆ.

"ಗೆರಿ."

"ಗೆರಿ ನೋಡಾಕ ಗಾಡಿ ಮಾಡ್ಕೊಂಡು ಹೋಗಬೇಕ? ನೀವು ಬಟ್ಟಿಗೆ ಗೆರಿ ಹಾಕೂ ಸಾಬಾಣದ ತುಂಡು ಕೊಡತೇನಿ, ಅಂಗಳದಾಗ ಎಷ್ಟು ಬೇಕಷ್ಟು ಎಳಕೋರಿ."

"ಇದು ಭೂಮಿ ನಡುವಿನ ಗೆರಿ ರೋಶನಾ. ಅದರ ಈ ಕಡೆ ಅರ್ಧ ಜಗತ್ತು, ಆ ಕಡೆ ಅರ್ಧ ಜಗತ್ತು."

"ಯಾರು ಎಳದಾರ?"

"ಯಾರೂ ಎಳದಿಲ್ಲ. ಅದು ಕಾಲ್ಪನಿಕ ಗೆರಿ."

"ಕಾಲ್ಪನಿಕ ಅಂದ್ರ?"

"ಅಂದ್ರ... ಇಲ್ಲದ್ದು."

ಈ ಪದವನ್ನು ನಾನು ನುಂಗಿಕೊಳ್ಳಬೇಕಿತ್ತು. ರೋಶನಬಿ ಸೌಟು ಹಿಡಿದೇ ಒಳಮನೆಗೆ ನಡೆದಳು. "ಗುಲ್ನಾಜ, ಕೇಳಿದ್ಯಾನವಾ? ನಿಮ್ಮ ಅಬ್ಬಾ ಇಲ್ಲದ ಗೆರಿ ತೋರಸಾಕ ನನ್ನ ಕರಕೊಂಡು ಹೊಂಟಾರ. ಹಸಗೂಸು ಬಿಟ್ಟು ನಾ ಬರಬೇಕಂತ!"

ನಾನು ಸೋತೆ ಎಂದುಕೊಂಡೆ. ಆದರೆ ಗುಲ್ನಾಜ ನನ್ನ ರಕ್ತ.

"ಅಮ್ಮಾ, ಹೋಗಿ ಬಾ. ಬಂದಾಗಿಂದ ಈ ಕಾಂಪೌಂಡ್ ದಾಟಿಲ್ಲ ನೀನು. ಬಾಜೂಮನಿ ಆಂಟಿ ನನ್ನ ಸಂಗಾಟ ಇರತಾರ. ನನಗೂ ಒಂದಿನ ಬಾಣಂತಿ ಸಾರು ಬಿಟ್ಟು ಬ್ಯಾರೆ ಏನರ ಉಣ್ಣಾಕ ಬಿಡು."

ಮಗಳು ಉಣ್ಣುವುದೇನು ಎಂಬ ಅನುಮಾನ ರೋಶನಬಿಯ ಮುಖದಲ್ಲಿ ಸುಳಿಯಿತು. ಆದರೂ ಮರುದಿನ ಬೆಳಿಗ್ಗೆ ಅವಳು ಬುರ್ಖಾ ತೊಟ್ಟು, ರೊಟ್ಟಿಯ ಗಂಟು ಹಿಡಿದು, ನನಗಿಂತ ಮೊದಲು ತೌಫೀಕ ತಂದ ಗಾಡಿಯಲ್ಲಿ ಕೂತಿದ್ದಳು. "ನಿಮ್ಮ ಗೆರಿ ಸಲುವಾಗಿ ಅಲ್ಲ. ಗಾಳಿ ಕುಡಿಯಾಕ" ಎಂದು ಸ್ಪಷ್ಟಪಡಿಸಿದಳು.

ದಾರಿಯ ವರ್ಣನೆ ಹೇಗೆ ಮಾಡಲಿ? ಮಣ್ಣು ನಮ್ಮ ಗೋಕಾಕದ ಗುಡ್ಡದ ಮಣ್ಣಿಗಿಂತ ಕೆಂಪು. ಒಂದು ಸೈಕಲ್ಲಿನ ಮೇಲೆ ಏಳೆಂಟು ಹಸಿರು ಬಾಳೆಗೊನೆ ಹೊತ್ತವರು, ಒಂದು ಮೋಟರ್‌ಸೈಕಲ್ಲಿನ ಮೇಲೆ ಇಡೀ ಸೋಫಾ ಹೊತ್ತವನು. (ಆ ಸೋಫಾದ ಮೇಲೆ ಅದರ ಮಾಲೀಕ.) ಒಂದು ಊರಿನಲ್ಲಿ ರಸ್ತೆಯುದ್ದಕ್ಕೂ ಡೋಲುಗಳೇ ಡೋಲುಗಳು, ಅಂಗೈಯಷ್ಟರಿಂದ ಹಿಡಿದು ಜೋಳ ತುಂಬಿಡುವ ಹಗೇವಿನಷ್ಟು ದೊಡ್ಡವು. ಅದನ್ನೂ ದಾಟಿದ ಮೇಲೆ ಒಂದು ದನದ ಹಿಂಡು ರಸ್ತೆಗೆ ಅಡ್ಡ ಬಂತು. ಯಾ ಅಲ್ಲಾ, ಆ ಕೊಂಬುಗಳು! ಒಂದೊಂದು ಕೊಂಬು ನಮ್ಮ ಮನೆಯ ತೊಲೆಯಷ್ಟು ದಪ್ಪ, ಎರಡೂ ಮೇಲಕ್ಕೆ ಬಾಗಿ ಆಕಾಶಕ್ಕೆ ಬೊಗಸೆ ಒಡ್ಡಿದಂತೆ. ರೋಶನಬಿ ಕಿಟಕಿಗೆ ಮೂಗು ಹಚ್ಚಿ, "ಇವು ಘೋಡಗೇರಿ ಕೊಟ್ಟಿಗ್ಯಾಗ ಹೊಕ್ಕರ ಗ್ವಾಡಿ ಒಡೀಬೇಕು" ಎಂದಳು. ಅವಳ ದನಿಯಲ್ಲಿ ಗೌರವವಿತ್ತು. ನನ್ನ ಮಾತಿಗೆ ಆ ದನಿ ಬಂದದ್ದನ್ನು ನಾನು ಕೇಳಿಲ್ಲ.

ಗೆರೆಯ ಜಾಗಕ್ಕೆ ತಲುಪಿದಾಗ ಹನ್ನೊಂದು ದಾಟಿತ್ತು. ಹೆದ್ದಾರಿಯ ಎರಡೂ ಬದಿಗೆ ಆಳೆತ್ತರ ಮೀರಿದ ಎರಡು ಬಿಳಿಯ ಸಿಮೆಂಟ್ ಬಳೆಗಳು ನೆಟ್ಟಗೆ ನಿಂತಿದ್ದವು. ಒಂದರಿಂದ ಇನ್ನೊಂದಕ್ಕೆ ರಸ್ತೆಯ ಮೇಲೆ ಅಡ್ಡಲಾಗಿ ಬಣ್ಣದ ಗೆರೆ. ಅಕ್ಕಪಕ್ಕ ಸಣ್ಣ ಅಂಗಡಿಗಳು. ಲಾರಿಗಳು, ಬಸ್ಸುಗಳು ಒಂದು ಅರ್ಧಗೋಳದಿಂದ ಇನ್ನೊಂದಕ್ಕೆ ಹಾರ್ನ್ ಹೊಡೆಯುತ್ತಾ ಓಡುತ್ತಿದ್ದವು, ಮೂಡಲಗಿ ರಸ್ತೆಯಲ್ಲಿ ಓಡಿದಷ್ಟೇ ನಿರಾಳವಾಗಿ. ನಾನು ಚಪ್ಪಲಿ ಕಳಚಿ, ಬರಿಗಾಲು ಗೆರೆಯ ಮೇಲಿಟ್ಟೆ. ಈ ಗೆರೆ ಇಲ್ಲಿಂದ ಹೊರಟು ಕಾಡು, ಸಮುದ್ರ, ಯಾರದೋ ಅಂಗಳ, ಯಾರದೋ ದೋಣಿ ಎಲ್ಲ ಸುತ್ತಿ ತಿರುಗಿ ಇಲ್ಲಿಗೇ ಬಂದು ನನ್ನ ಇನ್ನೊಂದು ಹಿಮ್ಮಡಿ ಮುಟ್ಟುತ್ತದೆ. ಮೈ ಜುಮ್ಮೆಂದಿತು.

"ಇಲ್ಲದ್ದು ಅಂದ್ರಿ, ಇಲ್ಲೆ ಕಾಣಾಕತ್ತೈತಲ್ಲ?" ಎಂದಳು ರೋಶನಬಿ.

"ಅದು ಬಣ್ಣ. ಗೆರಿ ಬ್ಯಾರೆ."

"ಬಣ್ಣ ಬಳದವ ನಿಮಗಿಂತ ಶಾಣ್ಯಾ."

ಒಬ್ಬ ನಡುವಯಸ್ಸಿನ ಹೆಂಗಸು ಮೂರು ಬೋಗುಣಿ ಇಟ್ಟುಕೊಂಡು ನಿಂತಿದ್ದಳು: ಒಂದು ಗೆರೆಯ ಉತ್ತರಕ್ಕೆ, ಒಂದು ದಕ್ಷಿಣಕ್ಕೆ, ಒಂದು ಗೆರೆಯ ಮೇಲೆ. ತಳದಲ್ಲಿ ತೂತು. ನೀರು ಸುರಿದು ಒಂದು ಸಣ್ಣ ಹೂವು ತೇಲಿಬಿಟ್ಟಳು. ಉತ್ತರದ ಬೋಗುಣಿಯಲ್ಲಿ ಹೂವು ಒಂದು ಕಡೆಗೆ ಗಿರಗಿರ ತಿರುಗುತ್ತಾ ಇಳಿಯಿತು. ದಕ್ಷಿಣದಲ್ಲಿ ಅದರ ಉಲ್ಟಾ. ಗೆರೆಯ ಮೇಲಿನದರಲ್ಲಿ ತಿರುಗದೆ ನೆಟ್ಟಗೆ ಇಳಿದುಹೋಯಿತು. ನಾನೂ ರೋಶನಬಿಯೂ ಒಟ್ಟಿಗೇ "ಅಯ್ಯಯ್ಯ!" ಎಂದೆವು. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಸಲಕ್ಕೆ ಒಂದೇ ಮಾತು ಆಡಿದ್ದು ಅದೇ ಮೊದಲಿರಬೇಕು.

ತೌಫೀಕ ಕಿವಿಯಲ್ಲಿ ಪಿಸುಗುಟ್ಟಿದ: "ಇದು ನೀರ ಹಾಕೂ ಕೈಯಾಗ ಐತ್ರಿ ಮಾವಾರ. ನಮ್ಮ ಇಂಜಿನಿಯರ್ ಹೇಳತಿದ್ರು, ಇಷ್ಟು ಸಣ್ಣ ಬೋಗುಣಿಗೆ ಭೂಮಿ ತಲೀ ಕೆಡಸ್ಕೊಳ್ಳೂದಿಲ್ಲಂತ."

"ಇರಲಿ ಬಿಡಪಾ" ಎಂದಳು ರೋಶನಬಿ. "ಆ ಕೈಯರ ನಮಗ ಎಲ್ಲೈತಿ?"

"ನೆರಳು ಹೋಗೂದು ಮಾತ್ರ ಖರೇನ್ರಿ" ಎಂದ ತೌಫೀಕ. "ಹನ್ನೆರಡೂ ಮುಕ್ಕಾಲಕ್ಕ." ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಒಂದು ಫೋಟೋ ಆಗಲಿ ಎಂದು ನಾನೇ ಹೇಳಿದೆ. ನನ್ನ ಸೊಂಟದ ಕೆಳಗಿನ ಕಥೆ ಶುರುವಾಗುವುದು ಇಲ್ಲಿಂದ.

ಒಂದು ಕಾಲು ಉತ್ತರಾರ್ಧಗೋಳದಲ್ಲಿ, ಒಂದು ಕಾಲು ದಕ್ಷಿಣಾರ್ಧಗೋಳದಲ್ಲಿ. ಗೇಣಗಲದ ಗೆರೆ, ಎಲ್ಲರೂ ಸುಮ್ಮನೆ ಎರಡು ಕಡೆ ಕಾಲಿಟ್ಟು ನಿಲ್ಲುತ್ತಿದ್ದರು. ನಮಗಿಂತ ಮುಂಚೆ ಒಬ್ಬ ಬಿಳಿಯ ಪ್ರವಾಸಿ, ತೆಂಗಿನಮರದಂಥ ಆಸಾಮಿ, ಕಾಲು ಅಗಲಿಸಿ ಎರಡೂ ಕೈ ಮೇಲೆತ್ತಿ ಲೋಕವನ್ನೇ ಗೆದ್ದವನ ಹಾಗೆ ನಿಂತಿದ್ದ. ಕೊಣ್ಣೂರು ಏನು ಕಡಿಮೆ? ನಾನೂ ಕಾಲು ಅಗಲಿಸಿದೆ.

"ಸಾಕ್ರಿ ಮಾವಾರ."

"ತಡಿಯಪಾ, ಇನ್ನೊಂದೀಟು."

"ಸಾಕಂತ ಹೇಳಾಕತ್ತಾನಲ್ರಿ!" ರೋಶನಬಿ.

ಇನ್ನೊಂದೀಟು ಅಗಲಿಸಿದೆ, ಕೈ ಮೇಲೆತ್ತಿದೆ. ಆಗ ಭೂಮಿಯ ಗರ್ಭದಿಂದ ಬಂದಂತೆ ಒಂದು ಸದ್ದು ಬಂತು. ಚರ್ರ್.

ಓದುಗ ಮಹಾಶಯರೇ, ಆ ಪ್ಯಾಂಟು ಹೊಲಿದವನು ನಾನೇ. ಈ ಪ್ರಯಾಣಕ್ಕೆಂದೇ, ಹೊಸ ಬಟ್ಟೆ ತಂದು. ಹುಟ್ಟಲಿರುವ ಮೊಮ್ಮಗುವಿಗೆ ಅದೇ ಬಟ್ಟೆಯ ಒಂದು ಕುಲಾವಿ ಆಗಲಿ ಎಂದು ಹೊಲಿಗೆಯ ಒಳಗೆ ಬಿಡಬೇಕಾದ ಬಟ್ಟೆಯನ್ನು ನೂಲಿನಷ್ಟು ಕಡಿಮೆ ಬಿಟ್ಟಿದ್ದೆ. ಗಿರಾಕಿಗೆ ಹೀಗೆ ಮಾಡಿದ್ದರೆ ಅವನು ಅಂಗಡಿಗೆ ಬಂದು ಜಗಳ ತೆಗೆಯುತ್ತಿದ್ದ. ನಾನು ಯಾರ ಅಂಗಡಿಗೆ ಹೋಗಲಿ?

"ಭೂಮಿ ಎರಡಾಗಲಿಲ್ಲ, ನಿಮ್ಮ ಪ್ಯಾಂಟ್ ಎರಡಾತು" ಎಂದಳು ರೋಶನಬಿ. ಆದರೆ ಹಾಗೆನ್ನುತ್ತಲೇ ನನ್ನ ಹಿಂದೆ ಬಂದು ಗೋಡೆಯ ಹಾಗೆ ನಿಂತಳು. ಅದನ್ನು ನಾನು ಮರೆಯಲಾರೆ. ಹಾಗೇ, ಮುಂದೆ ನಾನು, ಹಿಂದೆ ಅವಳು, ಒಂದೇ ಎತ್ತಿನ ಗಾಡಿಯಂತೆ ನಡೆದು ಹತ್ತಿರದ ಬಟ್ಟೆ ಅಂಗಡಿ ಹೊಕ್ಕೆವು. ರೋಶನಬಿ ಕೈಗೆ ಸಿಕ್ಕಿದ ಒಂದು ದೊಡ್ಡ ಬಟ್ಟೆ ಕೊಂಡು ನನಗೆ ಲುಂಗಿಯಂತೆ ಸುತ್ತಿದಳು. ಹಳದಿ ಬಟ್ಟೆ, ಅದರ ಮೇಲೆ ತಟ್ಟೆಯಷ್ಟು ದೊಡ್ಡ ಕೆಂಪು ಹೂವುಗಳು, ಹೂವಿಗೊಂದು ಗಿಳಿ.

ತಗಡಿನ ಮಾಡಿನ ಆ ಅಂಗಡಿಯ ಮೂಲೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವಿತ್ತು. ಕಪ್ಪು ಮೈ, ಬಂಗಾರದ ಬಳ್ಳಿ, ನನ್ನ ಅಂಗಡಿಯದರ ಅವಳಿ. ಅಂಗಡಿಯಾಕೆ ನಗುತ್ತಾ, ಕೊಡಿ, ಎರಡು ನಿಮಿಷದಲ್ಲಿ ಹೊಲಿದುಕೊಡುತ್ತೇನೆ ಎಂದು ಸನ್ನೆ ಮಾಡಿದಳು. ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಕೊಡ್ರಿ ಆಕೀಗೆ" ಎಂದಳು ರೋಶನಬಿ.

"ನನ್ನ ಪ್ಯಾಂಟಿಗೆ ಇನ್ನೊಬ್ಬರು ಸೂಜಿ ಹಾಕೂದ? ಮೂವತ್ತು ವರ್ಷದ ಮಾನ ಏನಾಗಬೇಕು?"

"ಮಾನ ಆಗಳೇ ಹರದೈತಿ."

ಆದರೂ ನಾನೇ ಕೂತೆ. ಯಂತ್ರ ಒಂದು ಗೇಣು ಹೊಲಿದು ನಿಂತಿತು. ಕೆಳಗಿನ ದಾರ ಗಂಟಾಗಿತ್ತು. ಬಿಚ್ಚಿ ನೋಡಿದರೆ ಒಳಗೆ ಧೂಳು, ಎಣ್ಣೆ ಕಾಣದೆ ಎಷ್ಟು ಕಾಲವಾಗಿತ್ತೋ. ಯಂತ್ರದ ಸಂಕಟ ನೋಡಿ ಸುಮ್ಮನಿರುವ ಜಾತಿ ನಮ್ಮದಲ್ಲ. ಒರೆಸಿದೆ, ಎಣ್ಣೆ ಕೇಳಿ ಹಾಕಿದೆ, ಚಕ್ರದ ಬೆಲ್ಟು ಬಿಗಿ ಮಾಡಿದೆ. ಅಂಗಡಿಯಾಕೆ ಚಪ್ಪಾಳೆ ತಟ್ಟಿದಳು. ಯಂತ್ರ ಈಗ ಹಾಡತೊಡಗಿತು. ಅಷ್ಟು ಚಂದ ಓಡುವಾಗ ಒಂದೇ ಹೊಲಿಗೆಗೆ ನಿಲ್ಲಿಸುವುದು ಹೇಗೆ? ಇನ್ನೊಂದು ಸುತ್ತು, ಎರಡೂ ಮಗ್ಗುಲು, ಜೇಬಿನ ಬಾಯಿ. ಬಾಗಿಲಲ್ಲಿ ನಿಂತ ಪ್ರವಾಸಿಗರು ಇದೂ ಒಂದು ಪ್ರದರ್ಶನವೆಂದು ತಿಳಿದು ಗಿಳಿಗಳ ಸಮೇತ ನನ್ನ ಫೋಟೋ ತೆಗೆಯುತ್ತಿದ್ದರು.

ಹೊರಗಿನಿಂದ ರೋಶನಬಿಯ ಕೂಗು: "ಏನ್ರೀ, ಬರ್ರಿ! ನೆರಳು ಮೊಳಕಾಲಿಗೆ ಬಂತು!"

"ಬಂದೆ, ಒಂದ ಹೊಲಿಗಿ!"

(ಟೇಲರನ 'ಒಂದೇ ಹೊಲಿಗೆ' ಎಂದರೇನೆಂದು ಹಬ್ಬದ ಹಿಂದಿನ ದಿನ ಅಂಗಡಿಯ ಮುಂದೆ ನಿಂತವರಿಗೆ ಗೊತ್ತು.)

"ಏನ್ರೀ, ಗೇಣು ಉಳೀತು!"

"ಬಂದ್ನಿ!"

ಆಮೇಲೆ ಕೂಗು ನಿಂತಿತು. ಬರೀ ಅವಳ ಕೂಗಲ್ಲ, ಹೊರಗಿನ ಗದ್ದಲವೇ ಒಂದು ಗಳಿಗೆ ತಗ್ಗಿದಂತೆ ನನಗನಿಸಿತು. ನಾನು ಕತ್ತರಿಯಿಂದ ದಾರ ಕತ್ತರಿಸಿ, ಮರೆಯಲ್ಲಿ ಪ್ಯಾಂಟು ಏರಿಸಿ, ಅಂಗಡಿಯಾಕೆಗೆ ಸಲಾಂ ಹೇಳಿ ಗೆರೆಯ ಕಡೆಗೆ ಓಡಿದೆ. ಗೆರೆಯ ಮೇಲೆ ಹಾರಿ ನಿಂತು ಕೆಳಗೆ ನೋಡಿದೆ.

ನೆರಳಿರಲಿಲ್ಲ!

"ರೋಶನಾ, ಹೋತು! ನಂದೂ ಹೋತು! ನೋಡಿಲ್ಲೆ, ಚೂರೂ ಇಲ್ಲ!"

ಅವಳು ಬಿಳಿಯ ಬಳೆಯ ಪಕ್ಕದಲ್ಲಿ ನಿಂತಿದ್ದಳು. ಬೆರಳೆತ್ತಿ ಮೇಲೆ ತೋರಿಸಿದಳು. ಆಕಾಶದ ತುಂಬ ಎಮ್ಮೆ ಬಣ್ಣದ ಮೋಡ. ರಸ್ತೆಗೆ ನೆರಳಿರಲಿಲ್ಲ, ಲಾರಿಗೆ ಇರಲಿಲ್ಲ, ಬಳೆಗಳಿಗೂ ಇರಲಿಲ್ಲ.

"ಮೋಡಾದ್ರ ಕೊಣ್ಣೂರಾಗೂ ನೆರಳು ಬೀಳೂದಿಲ್ರಿ" ಎಂದಳು ಮೆಲ್ಲಗೆ. ಎರಡು ದೊಡ್ಡ ಹನಿ ನನ್ನ ನೆತ್ತಿಗೆ ಬಿದ್ದವು. ಮಳೆ ಶುರುವಾಯಿತು.

ವಾಪಸ್ ಬರುವಾಗ ನಾನು ಮುನಿಸಿಕೊಂಡು ಕೂತಿದ್ದೆ. ಅವಳು ಚುಚ್ಚುತ್ತಾಳೆ, ನಾನು ತಿರುಗಿ ಚುಚ್ಚಬೇಕು ಎಂದು ಮಾತುಗಳನ್ನು ಸೂಜಿಗೆ ಪೋಣಿಸಿ ಇಟ್ಟುಕೊಂಡಿದ್ದೆ. ಅವಳು ಚುಚ್ಚಲೇ ಇಲ್ಲ. ದನಗಳ ಜಾಗ ಹೋಯಿತು, ಡೋಲಿನ ಊರು ಹೋಯಿತು. ಅಷ್ಟು ಹೊತ್ತು ರೋಶನಬಿ ಸುಮ್ಮನಿದ್ದದ್ದನ್ನು ನಾನು ಕಂಡವನಲ್ಲ. ನನಗೇ ಹೆದರಿಕೆಯಾಯಿತು.

"ಏನಾತ ರೋಶನಾ?"

"ಎಲ್ಲೆ ಹೋಗಿತ್ತು ಗೊತ್ತೇನ್ರಿ?" ಎಂದಳು, ಕಿಟಕಿಯ ಹೊರಗೆ ನೋಡುತ್ತಾ. "ನೆರಳು ಎಲ್ಲೂ ಹೋಗಿರಲಿಲ್ಲ. ನನ್ನ ಕಾಲ ಬುಡಕ್ಕ ಬಂದು ಕುಂತಿತ್ತು, ಬೆಕ್ಕಿನ ಮರಿ ಹಂಗ. ಆ ದೊಡ್ಡ ಬಳಿಗೋಳ ನೆರಳು ಸಣ್ಣ ಗೆರಿ ಆತು. ಎಲ್ಲಾರೂ ತಮ್ಮ ತಮ್ಮ ಕಾಲ ನೋಡ್ಕೊಂಡ ನಿಂತಿದ್ರು. ಅಷ್ಟು ಮಂದಿ, ಬ್ಯಾರೆ ಬ್ಯಾರೆ ದೇಶದವ್ರು, ಎಲ್ಲಾರ ನೆತ್ತಿ ಮ್ಯಾಲೂ ಆ ಸೂರ್ಯ ಒಬ್ಬನ. ಯಾರಿಗೂ ಓರೆ ಆಗದಂಗ, ನೆಟ್ಟಗ. ಆಮ್ಯಾಲ..."

"ಆಮ್ಯಾಲ?"

"ಆಮ್ಯಾಲ ಇನ್ನೊಂದು ಬಾಜೂದಿಂದ ಹೊಸಾ ನೆರಳು ಹುಟ್ಟಿತು. ಉಗುರಿನಷ್ಟು. ನಮ್ಮಪ್ಪ ಹೇಳತಿದ್ದ, ನೆರಳು ಹೊಳ್ಳಿ ಆ ಕಡೆ ಬಿದ್ದ ಮ್ಯಾಲ ಮಧ್ಯಾಹ್ನದ ಜುಹರ್ ನಮಾಜಿನ ಹೊತ್ತಂತ. ಹೊಳ್ಳೂದು ಅಂದ್ರ ಏನಂತ ಇವತ್ತ ನೋಡಿದ್ನಿ." ನನ್ನ ಕೈಮೇಲೆ ಕೈಯಿಟ್ಟಳು. "ಚಲೋ ಆತು ಕರಕೊಂಡು ಬಂದಿದ್ದು."

ಪೋಣಿಸಿದ ಸೂಜಿಗಳನ್ನೆಲ್ಲ ನಾನು ಮೆಲ್ಲಗೆ ತೆಗೆದಿಟ್ಟೆ.

ಕೊಣ್ಣೂರಿಗೆ ಬಂದ ಮೇಲೆ ನನ್ನ ಸ್ಥಿತಿ ಏನಾಯಿತೆಂದು ನೀವೇ ಊಹಿಸಿ. ತೌಫೀಕ ಕಳಿಸಿದ ಫೋಟೋ ನಮಗಿಂತ ಮೊದಲೇ ಊರು ತಲುಪಿತ್ತು: ಗಿಳಿಗಳ ಲುಂಗಿ ಸುತ್ತಿಕೊಂಡು ಯಂತ್ರ ತುಳಿಯುತ್ತಿರುವ ನಾನು. ನನ್ನ ತಮ್ಮ ಅಖ್ತರ ಮನೆಯವರ ವಾಟ್ಸಾಪ್ ಗುಂಪಿನಲ್ಲಿ, "ಅಣ್ಣಾ ಆಫ್ರಿಕಾದಾಗ ಹೊಸಾ ಬ್ರ್ಯಾಂಚ್ ತಗದಾನ" ಎಂದು ಬರೆದ. ಗೆರೆಯ ಬಗ್ಗೆ ಕೇಳಲು ಬಂದವರು ನನ್ನನ್ನು ದಾಟಿ ನೇರ ಒಳಗೆ ಹೋಗುತ್ತಿದ್ದರು. ಬಾಜೂಮನೆಯ ಕಾಡವ್ವ ದಿನವೂ ಒಬ್ಬಿಬ್ಬರನ್ನು ಕರೆತಂದು ಕೂರಿಸುತ್ತಿದ್ದಳು. ರೋಶನಬಿ ಬೋಗುಣಿ ಇಟ್ಟು, ನೀರು ಸುರಿದು, ಭೂಮಿಯ ನಡುವಿನ ಮಹಾತ್ಮೆ ವಿವರಿಸುತ್ತಿದ್ದಳು. (ಹೂವು ಅವಳಿಗೆ ಬೇಕಾದ ಕಡೆಗೇ ತಿರುಗುತ್ತಿತ್ತು. ನಾನೂ ಹಾಗೇ ಅಲ್ಲವೇ?)

"ಟೇಲರ್ ಕಾಕಾ ನೋಡ್ಲಿಲ್ಲನ?" ಎಂದು ಯಾರಾದರೂ ಕೇಳಿದರೆ, "ಅವ್ರು ಒಳಗ ಕುಂತು ಹೊಲ್ಯಾಕತ್ತಿದ್ರು" ಎಂದು ಮುಗಿಸಿಬಿಡುತ್ತಿದ್ದಳು.

ಹೀಗೇ ತಿಂಗಳುಗಳು ಹೋದವು. ಏಪ್ರಿಲ್ ಕೊನೆಗೆ ತುಕ್ಕಾನಟ್ಟಿಯ ಸಾಲಿಯ ಟೀಚರ್ ವಿಜಯಲಕ್ಷ್ಮಿಯವರು ಕುಪ್ಪಸದ ಬಟ್ಟೆ ತಂದರು. ಅಳತೆ ಬರೆದುಕೊಳ್ಳುತ್ತಾ ನಾನು ನನ್ನ ದುಃಖ ತೋಡಿಕೊಂಡೆ. ಸಮುದ್ರ ದಾಟಿ ಹೋಗಿಯೂ ನೆರಳು ಹೋಗುವುದನ್ನು ಕಾಣದೆ ಬಂದ ಪಾಪಿ ನಾನು ಎಂದೆ. ಅವರು ನಗತೊಡಗಿದರು.

"ಕಾಕಾ, ಅದಕ್ಕ ಅಷ್ಟು ದೂರ ಯಾಕ ಹೋದ್ರಿ? ನಮ್ಮ ಕೊಣ್ಣೂರಾಗೂ ವರ್ಷಕ್ಕ ಎರಡ ಸಲ ನೆರಳು ಹೋಗತೈತ್ರಿ. ಮೇ ಮೊದಲ ವಾರದಾಗ ಒಮ್ಮೆ, ಆಗಸ್ಟದಾಗ ಒಮ್ಮೆ. ಆಗಸ್ಟದಾಗ ಮಳಿ, ಕಾಣೂದಿಲ್ಲ. ಮೇ ತಿಂಗಳಾಗ ಚಂದ ಕಾಣತೈತಿ. ಹನ್ನೆರಡೂವರಿ ಸುಮಾರು ಅಂಗಳದಾಗ ನಿಂದರ್ರಿ."

ನನ್ನ ಕೈಯಿಂದ ಟೇಪು ಜಾರಿತು. ಅರವತ್ತು ವರ್ಷ! ಪ್ರತಿ ಮೇ ತಿಂಗಳೂ ಸೂರ್ಯ ನನ್ನ ನೆತ್ತಿಯ ಮೇಲೆ ಬಂದು ನಿಂತು ಕಾದು ಹೋಗಿದ್ದಾನೆ. ನಾನು ಮದುವೆ ಸೀಸನ್ನಿನ ಬಟ್ಟೆ ಹೊಲಿಯುತ್ತಾ ಮಾಡಿನ ಕೆಳಗೆ ಕೂತಿದ್ದೇನೆ.

ಟೀಚರ್ ಹೇಳಿದ ದಿನ ಅಂಗಡಿ ಮುಚ್ಚಿದೆ. ಮನೆಯ ಅಂಗಳದ ಮೇಲೆ ಮೋಡದ ಚೂರಿಲ್ಲ. ಬಟ್ಟೆ ಒಣಹಾಕುವ ಕಂಬದ ನೆರಳನ್ನೇ ನೋಡುತ್ತಾ, ಗೆರೆಯ ಮೇಲೆ ನಿಂತಂತೆ ಚಪ್ಪಲಿ ಒಳಗೆ ಬಿಟ್ಟು ಬರಿಗಾಲಲ್ಲಿ ನಿಂತೆ. "ನಾ ಒಮ್ಮೆ ನೋಡೇನಿ" ಎನ್ನುತ್ತಲೇ ರೋಶನಬಿಯೂ ಸೆರಗು ಹೊದ್ದು ಹೊರಗೆ ಬಂದು ಪಕ್ಕದಲ್ಲಿ ನಿಂತಳು. ಗೋಡೆಯ ಆಚೆಯಿಂದ ಕಾಡವ್ವ ಕತ್ತು ಚಾಚಿದ್ದಳು.

ಕಂಬದ ನೆರಳು ಕುಗ್ಗಿತು, ಕುಗ್ಗಿತು, ಕಂಬದೊಳಗೆ ಹೊಕ್ಕಿತು. ನೀರಿನ ಕೊಡದ ನೆರಳು ಕೊಡದ ಕೆಳಗೆ ಅಡಗಿತು. ಅಂಗಳ ದಾಟುತ್ತಿದ್ದ ಕೋಳಿ ತನ್ನ ನೆರಳಿನ ಮೇಲೇ ನಡೆಯುತ್ತಿತ್ತು. ನನ್ನ ನೆರಳು ಎಲ್ಲಿ? ಬೆರಳುಗಳ ಸುತ್ತ ಒಂದು ಕಪ್ಪು ಅಂಚು, ಅಷ್ಟೇ. ಹುಟ್ಟಿದಾಗಿನಿಂದ ಎಲ್ಲಿ ಹೋದರೂ ಹಿಂದೆ ಮುಂದೆ ಎಳೆದಾಡಿದ್ದು ಈಗ ಮನೆಗೆ ಬಂದ ಹಾಗೆ ಬಂದು ಸೇರಿತ್ತು. ನನ್ನ ಅಂಗಳ, ನನ್ನ ಕೊಡ, ನನ್ನ ಕೋಳಿ, ಇವುಗಳ ಮೇಲೆ ಇಡೀ ಆಕಾಶದ ತೂಗುಗುಂಡು ನೇರ ಇಳಿಬಿದ್ದಿದೆ. ಕಣ್ಣಲ್ಲಿ ನೀರು ಬಂತು. ಅವಳು ಆ ದಿನ ಗಾಡಿಯಲ್ಲಿ ಯಾಕೆ ಮಾತಾಡಲಿಲ್ಲ ಎಂದು ಗೊತ್ತಾಯಿತು.

ನಾನೂ ಮಾತಾಡದೆ ಇದ್ದಿದ್ದರೆ!

ಆದರೆ ಟೇಲರನ ಕಣ್ಣು ಕೆಟ್ಟದ್ದು, ಅದು ಎಲ್ಲಿ ಹೋದರೂ ಅಳತೆ ತೆಗೆಯುತ್ತದೆ. ಪಕ್ಕಕ್ಕೆ ನೋಡಿದೆ, ಬಾಯಿ ತಾನೇ ತೆರೆಯಿತು.

"ರೋಶನಾ, ನಂದು ಪೂರಾ ಹೋತು. ನಿಂದು ನೋಡು, ಇನ್ನೂ ಸುತ್ತಲೂ ಒಂದೊಂದು ಗೇಣು ಉಳದೈತಿ."

ಗೋಡೆಯ ಆಚೆ ಕಾಡವ್ವ ಕಿಸಕ್ಕೆಂದಳು. ರೋಶನಬಿ ತನ್ನ ಕಾಲಿನ ಸುತ್ತ ನೋಡಿಕೊಂಡಳು, ನನ್ನನ್ನು ನೋಡಿದಳು, ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿತು.

ಕೊಣ್ಣೂರಿನ ಮೇ ತಿಂಗಳ ಮಧ್ಯಾಹ್ನ. ಅಂಗಳಕ್ಕೆ ಹಾಸಿದ ಪರಸಿಗಲ್ಲು ಕಾದ ಹೆಂಚಿನ ಹಾಗೆ. ನಾನು ನೆರಳಿಗೆಂದು ಗೋಡೆಯ ಕಡೆಗೆ ಓಡಿದೆ. ಗೋಡೆಗೆ ನೆರಳಿರಲಿಲ್ಲ. ಕಂಬಕ್ಕೂ ಇರಲಿಲ್ಲ. ಸೂರಿನ ಕೆಳಗೆ ಅಂಗೈಯಗಲ ಉಳಿದಿದ್ದ ಜಾಗದಲ್ಲಿ ಕೋಳಿ ಮರಿಗಳ ಸಮೇತ ಕೂತು ನನ್ನನ್ನು ಕುಕ್ಕಲು ಬಂತು. ಭೂಮಿಯ ಮೇಲೆ ನೆರಳು ಇಲ್ಲದಾಗುವುದೆಂದರೆ ಏನೆಂದು ನನ್ನ ಎರಡೂ ಅಂಗಾಲಿಗೆ ಆಗ ತಿಳಿಯಿತು.

"ರೋಶನಾ, ಬಾಗಲಾ ತಗಿ! ಕಾಲು ಸುಡಾಕತ್ತಾವು! ಚಪ್ಪಲಿಯರ ಹೊರಗ ಒಗಿ!"

ಒಳಗಿನಿಂದ ತಟ್ಟೆಯ ಸದ್ದು ಬಂತು, ಒಬ್ಬರೇ ಉಣ್ಣುವ ಸದ್ದು.

"ಅವಸರ ಮಾಡಬ್ಯಾಡ್ರಿ" ಎಂದಳು ನನ್ನ ಹೆಂಡತಿ, ನಿಧಾನಕ್ಕೆ ತುತ್ತು ನುಂಗಿ. "ಗ್ವಾಡಿಗೆ ಹೊಸಾ ನೆರಳು ಹುಟ್ಟಲಿ. ಆಮ್ಯಾಲ ನೋಡೂಣು."

ನಾನು ಒಂದು ಕಾಲೆತ್ತಿ, ಅದನ್ನಿಳಿಸಿ ಇನ್ನೊಂದನ್ನೆತ್ತಿ, ಗೋಡೆಯ ಬುಡವನ್ನೇ ನೋಡುತ್ತಾ ನಿಂತೆ.